ತೆರೆಯ ಕಥೆಯಿಂದ ಹುಟ್ಟಿದ ಕಾದಂಬರಿ



ಮನೆಗೆ ಬರುವ ಧಾನ್ಯವನ್ನು ಕೇರಿ ನೋಡಿ ಕಣಜಕ್ಕೆ ತುಂಬುವ ಗೃಹಸ್ಥನು ಮನೆಗೆ ಬರುವ ಪುಸ್ತಕವನ್ನೂ ಹಾಗೆಯೇ ನೋಡಬೇಕೆಂಬದು ಯೋಗ್ಯವಾದ ಮಾತೇ ಸರಿ. ಆದರೆ ಕೇರುವವನಿಗೆ ಕಾಳಾವದು, ಹೊಟ್ಟಾವದು ಎಂಬ ಅರಿವಿರಬೇಕು. ಇಲ್ಲವಾದರೆ ಮೊರದ ಗಾಳಿಗೆ ಕಾಳೂ ಹಾರಿಹೋಗುವದು. ನಮ್ಮ ಕುಡಚಿಯ ಕಡೆಯ ಕೆಲವು ಮನೆಗಳಲ್ಲಿ ಚರ್ಚೆಗೆ ಕಾರಣವಾಗಿರುವ ಒಂದು ಜಾತಿಯ ಪುಸ್ತಕವನ್ನು ಕುರಿತು ಈ ತಿಂಗಳು ವಿಚಾರ ಮಾಡುವೆನು.

ದೂರದರ್ಶನದ ತೆರೆಯ ಮೇಲೆ ವಾರವಾರವೂ ನಡೆದು ಜನಪ್ರಿಯವಾದ ಕಥಾಮಾಲಿಕೆಯೊಂದರ ಪಾತ್ರಗಳನ್ನೂ ಅದರ ಲೋಕವನ್ನೂ ತೆಗೆದುಕೊಂಡು ಬರೆದ ಕಾದಂಬರಿಗಳುಂಟು. ಇಂಗ್ಲಿಷರು ಇವುಗಳನ್ನು 'ಟೈ-ಇನ್' ಎಂದು ಕರೆಯುವರು. ನಾವು ಅನುಬಂಧ ಕಾದಂಬರಿಗಳೆನ್ನೋಣ. ಇವುಗಳಲ್ಲಿ ಆಕಾಶಯಾನದ ಕಥೆಗಳು ವಿಶೇಷವಾಗಿ ಹೆಸರಾಗಿವೆ. ಬೆಳಗಾವಿ, ಮಿರಜ ಮುಂತಾದ ಊರುಗಳ ಕಾಲೇಜುಗಳಿಗೆ ರೈಲಿನಲ್ಲಿ ಹೋಗಿಬರುವ ನಮ್ಮ ಹುಡುಗರಲ್ಲಿ ಒಬ್ಬಿಬ್ಬರು ಹಳೆಯ ಪುಸ್ತಕದ ಅಂಗಡಿಯಿಂದ ಇಂಥದೊಂದನ್ನು ಕೊಂಡು ತರುವರು. ಹಾಳೆ ಹಳದಿಯಾಗಿರುವದು, ಹೊದಿಕೆಯ ಮೇಲೆ ನಕ್ಷತ್ರಗಳ ನಡುವೆ ಹಾರುವ ನೌಕೆಯ ಚಿತ್ರವಿರುವದು. ಅದನ್ನು ಕಂಡ ತಂದೆಯು, "ಇದು ದೂರದರ್ಶನದ ಎಂಜಲು, ಇದನ್ನು ಓದುವದಕ್ಕಿಂತ ಸುಮ್ಮನೆ ಕೂಡುವದು ಮೇಲು" ಎಂದು ಕಸಿದು ಮೇಲಿನ ಹಲಗೆಗೆ ಎಸೆಯುವನು. ಮಗನಿಗೆ ಅವಮಾನವಾಗುವದು. ಪಠ್ಯಪುಸ್ತಕದ ಹೊರಗೆ ತಾನಾಗಿಯೇ ಆರಿಸಿಕೊಂಡ ಮೊದಲನೆಯ ಪುಸ್ತಕವು ಹೀಗೆ ಹೋದರೆ, ಎರಡನೆಯ ಪುಸ್ತಕವನ್ನು ಅವನು ಹುಡುಕುವನೆಂಬ ಭರವಸೆಯಿಲ್ಲ. ಆದುದರಿಂದ ಇದು ಅಲ್ಪ ವಿಷಯವೆಂದು ನನಗೆ ತೋರುವದಿಲ್ಲ.

ಮೊದಲು 'ಎಂಜಲು' ಎಂಬ ಮಾತನ್ನೇ ಪರೀಕ್ಷಿಸೋಣ. ಜಗತ್ತಿನಲ್ಲಿರುವ ಕಥೆಯೆಲ್ಲವೂ ವ್ಯಾಸಮಹರ್ಷಿಗಳ ಉಚ್ಛಿಷ್ಟವೆಂದು ನಮ್ಮ ಪಂಡಿತರು ಹೇಳುವ ವಾಡಿಕೆಯುಂಟು. ಉಚ್ಛಿಷ್ಟವೆಂದರೆ ಎಂಜಲೇ ಅಲ್ಲವೇ? ಅದನ್ನು ಅವರು ನಿಂದೆಯಾಗಿ ಹೇಳಲಿಲ್ಲ, ಹೆಮ್ಮೆಯಾಗಿ ಹೇಳಿದರು. ಧನಂಜಯನು ದಶರೂಪಕದಲ್ಲಿ ನಾಟಕದ ಕಥಾವಸ್ತುವನ್ನು ಮೂರು ಬಗೆಯಾಗಿ ವಿಂಗಡಿಸಿರುವನು. ಇತಿಹಾಸ ಪುರಾಣಗಳಿಂದ ತೆಗೆದುಕೊಂಡದ್ದು ಪ್ರಖ್ಯಾತ; ಕವಿಯು ತಾನೇ ಕಲ್ಪಿಸಿದ್ದು ಉತ್ಪಾದ್ಯ; ಎರಡೂ ಕೂಡಿದ್ದು ಮಿಶ್ರ. ಈ ಮೂರರಲ್ಲಿ ಯಾವದನ್ನೂ ಅವನು ಪಂಕ್ತಿಯಿಂದ ಎಬ್ಬಿಸಲಿಲ್ಲ. ಅನುಬಂಧ ಕಾದಂಬರಿಯು ಈ ಲೆಕ್ಕದಲ್ಲಿ ಮಿಶ್ರವಸ್ತುವಾಗುವದು: ಪಾತ್ರಗಳು ಎಲ್ಲರಿಗೂ ಗೊತ್ತು, ಪ್ರಸಂಗವು ಹೊಸದು.

ಭಾಸನದೆಂದು ಪ್ರಸಿದ್ಧವಾದ ಮಧ್ಯಮವ್ಯಾಯೋಗವನ್ನು ಇದಕ್ಕೆ ನಿದರ್ಶನವಾಗಿ ನೋಡಬಹುದು. ಘಟೋತ್ಕಚನು ತಾಯಿಯ ಆಹಾರಕ್ಕೆಂದು ಬ್ರಾಹ್ಮಣನೊಬ್ಬನ ನಡುವಿನ ಮಗನನ್ನು ಹಿಡಿದಿರುವನು. ನೀರಿಗೆ ಹೋದ ಆ ಹುಡುಗನನ್ನು 'ಮಧ್ಯಮ' ಎಂದು ಕೂಗಿ ಕರೆದಾಗ, ಕುಂತಿಯ ಮಧ್ಯಮಪುತ್ರನಾದ ಭೀಮನೇ ಬಂದು ನಿಲ್ಲುವನು. ತಂದೆ ಮಕ್ಕಳು ಗುರುತಿಲ್ಲದೆ ಸೆಣಸುವರು. ಈ ಪ್ರಸಂಗವು ಮಹಾಭಾರತದಲ್ಲಿಲ್ಲ. ಆದರೆ ಅಲ್ಲಿಯ ಭೀಮನು ಮಹಾಭಾರತದ ಭೀಮನೇ ಆಗಿರುವನು, ಹಿಡಿಂಬೆಯೂ ಅವಳೇ. ಕವಿಗೆ ಇಲ್ಲಿ ಒಂದು ಕಟ್ಟೂ ಉಂಟು: ಭೀಮನನ್ನು ಅವನು ಕೊಲ್ಲುವಂತಿಲ್ಲ, ಏಕೆಂದರೆ ಕುರುಕ್ಷೇತ್ರವು ಮುಂದಿರುವದು. ಪರರ ಪಾತ್ರವನ್ನು ಕೈಗೆತ್ತಿಕೊಂಡು, ಅದರ ಮರ್ಯಾದೆಯನ್ನು ಮೀರದೆ, ಹೊಸದೊಂದನ್ನು ಹೇಳುವದು ಸುಲಭವಾದ ಕೆಲಸವಲ್ಲ.

ಇನ್ನು ಪ್ರಕೃತಕ್ಕೆ ಬರೋಣ. ಅಮೇರಿಕೆಯಲ್ಲಿ ಜೀನ್ ರಾಡನ್‌ಬೆರಿ ಎಂಬವನು ಕಲ್ಪಿಸಿದ 'ಸ್ಟಾರ್ ಟ್ರೆಕ್' ಎಂಬ ಮಾಲಿಕೆಯು 1966ನೆಯ ಸಪ್ಟೆಂಬರ 8ರಂದು ಆರಂಭವಾಗಿ 1969ನೆಯ ಜೂನದಲ್ಲಿ ಮುಗಿಯಿತು. ಒಟ್ಟು 79 ಕಂತುಗಳು. 'ಎಂಟರ್‌ಪ್ರೈಸ್' ಎಂಬ ನೌಕೆ, ಕರ್ಕ್ ಎಂಬ ನಾಯಕ, ಮೆಕಾಯ್ ಎಂಬ ವೈದ್ಯ, ತಂದೆಯ ಕಡೆಯಿಂದ ಅನ್ಯಗ್ರಹದವನೂ ತಾಯಿಯ ಕಡೆಯಿಂದ ಮಾನವನೂ ಆದ ಸ್ಪಾಕ್ ಎಂಬ ಅಧಿಕಾರಿ — ಇವರು ಮುಖ್ಯರು. ಸ್ಪಾಕನು ಭಾವೋದ್ರೇಕವನ್ನು ತಡೆದು ತರ್ಕದಿಂದಲೇ ನಡೆಯುವ ಸ್ವಭಾವದವನು. 1980ರ ದಶಕದಲ್ಲಿ ನಮ್ಮ ದೂರದರ್ಶನದಲ್ಲಿಯೂ ಈ ಮಾಲಿಕೆಯು ಬಂದದ್ದು ಮಧ್ಯವಯಸ್ಸು ದಾಟಿದ ವಾಚಕರಲ್ಲಿ ಹಲವರಿಗೆ ನೆನಪಿದ್ದೀತು.

ಆಟವನ್ನು ಕಂಡ ಮೇಲೆ ಪುಸ್ತಕವೇಕೆ ಬೇಕಾಯಿತೆಂದರೆ, ಆ ಕಾಲದಲ್ಲಿ ತೆರೆಯ ಮೇಲಿನ ಕಥೆಯನ್ನು ಹಿಡಿದಿಟ್ಟುಕೊಳ್ಳುವ ಸಾಧನವು ಮನೆಮನೆಯಲ್ಲಿರಲಿಲ್ಲ. ಒಂದು ರಾತ್ರಿಯ ಕಂತು ತಪ್ಪಿದರೆ, ಅದನ್ನು ಮತ್ತೆ ತೋರಿಸುವವರೆಗೆ ಕಾಯಬೇಕು. ಹೀಗಾಗಿ 1967ರಲ್ಲಿ ಜೇಮ್ಸ್ ಬ್ಲಿಷ್ ಎಂಬ ಲೇಖಕನು ಆ ಕಂತುಗಳ ಲಿಖಿತ ಪ್ರತಿಗಳನ್ನು ಆಧರಿಸಿ ಅವುಗಳನ್ನು ಸಣ್ಣಕಥೆಗಳನ್ನಾಗಿ ಬರೆದು ಪ್ರಕಟಿಸತೊಡಗಿದನು. ಈ ಸಂಪುಟಗಳು ಕ್ರಮವಾಗಿ ಹನ್ನೆರಡಾದವು; 1975ರಲ್ಲಿ ಅವನು ತೀರಿಕೊಂಡದ್ದರಿಂದ ಕೊನೆಯದನ್ನು ಅವನ ಪತ್ನಿಯು ಪೂರ್ತಿಗೊಳಿಸಿದಳು. ಬ್ಲಿಷನು ಬಾಡಿಗೆಯ ಲೇಖನಿಯವನೆಂದು ತಿಳಿಯಬಾರದು. ಅವನು ಜೀವಶಾಸ್ತ್ರವನ್ನು ಅಭ್ಯಾಸ ಮಾಡಿದವನು. ಅನ್ಯಗ್ರಹಕ್ಕೆ ಹೋದ ಪಾದ್ರಿಯೊಬ್ಬನ ಧರ್ಮಸಂಕಟವನ್ನು ವರ್ಣಿಸುವ 'ಎ ಕೇಸ್ ಆಫ್ ಕಾನ್‌ಶನ್ಸ್' ಎಂಬ ಕಾದಂಬರಿಗೆ 1959ರಲ್ಲಿ ಹ್ಯೂಗೋ ಪಾರಿತೋಷಕವನ್ನು ಪಡೆದಿದ್ದವನು. ಅವನೇ 1970ರಲ್ಲಿ 'ಸ್ಪಾಕ್ ಮಸ್ಟ್ ಡೈ', ಅಂದರೆ 'ಸ್ಪಾಕನು ಸಾಯಲೇಬೇಕು' ಎಂಬ ಹೊಸ ಕಾದಂಬರಿಯನ್ನು ಬರೆದನು. ಮಕ್ಕಳಿಗಾಗಿ 1968ರಲ್ಲಿ ಬೇರೊಂದು ಪುಸ್ತಕವು ಬಂದಿತ್ತಾದರೂ, ಈ ಮಾಲಿಕೆಯ ಮೇಲೆ ಪ್ರೌಢವಾಚಕರಿಗೆಂದು ರಚಿತವಾದ ಮೊದಲನೆಯ ಸ್ವತಂತ್ರ ಕಾದಂಬರಿಯು ಇದೇ.

ಈ ಕಾದಂಬರಿಯ ಬೀಜವು ಎಲ್ಲಿರುವದೆಂಬದನ್ನು ಗಮನಿಸಬೇಕು. ತೆರೆಯ ಕಥೆಯಲ್ಲಿ ನೌಕೆಯಿಂದ ಗ್ರಹಕ್ಕೆ ಇಳಿಯುವವರು ಒಂದು ಯಂತ್ರದ ಮೇಲೆ ನಿಲ್ಲುವರು, ಮಿನುಗಿ ಮಾಯವಾಗುವರು, ಕೆಳಗೆ ನೆಲದ ಮೇಲೆ ಮತ್ತೆ ಮೈದೋರುವರು. ಪ್ರತಿವಾರವೂ ದೊಡ್ಡ ನೌಕೆಯು ನೆಲಕ್ಕಿಳಿಯುವದನ್ನು ಚಿತ್ರಿಸಿದರೆ ಹಣವು ಸಾಲುತ್ತಿರಲಿಲ್ಲವಾದುದರಿಂದ ಕಲ್ಪಿಸಿಕೊಂಡ ಉಪಾಯವಿದು. ಇದರಲ್ಲಿ ನಗುವಂಥದೇನೂ ಇಲ್ಲ. ನಮ್ಮ ಸಂಸ್ಕೃತ ನಾಟಕಗಳಲ್ಲಿಯೂ ಕುದುರೆ ರಥಗಳನ್ನು ರಂಗಕ್ಕೆ ತರದೆ, ರಥದ ವೇಗವನ್ನು ನಟನು ಅಭಿನಯದಿಂದಲೇ ತೋರಿಸುತ್ತಿದ್ದನು. ನೋಡುವವರು ಒಪ್ಪಿಕೊಂಡರೆ ರಂಗದ ಕೆಲಸವು ಮುಗಿಯಿತು. ಕಥೆಯು ಮುಂದೆ ಓಡಬೇಕಾದುದರಿಂದ ಅಲ್ಲಿ ನಿಂತು ವಿಚಾರಿಸಲು ಯಾರಿಗೂ ಬಿಡುವಿಲ್ಲ.

ಬ್ಲಿಷನು ಅಲ್ಲಿಯೇ ನಿಂತನು. ಅವನ ಕಾದಂಬರಿಯ ಮೊದಲಲ್ಲಿಯೇ ವೈದ್ಯನಾದ ಮೆಕಾಯನು ಒಂದು ಸಂಶಯವನ್ನು ಎತ್ತುವನು. ಯಂತ್ರವು ಮನುಷ್ಯನನ್ನು ಕಣಕಣವಾಗಿ ಕರಗಿಸಿ ಇನ್ನೊಂದೆಡೆಯಲ್ಲಿ ಮತ್ತೆ ಕಟ್ಟುವದಾದರೆ, ಅಲ್ಲಿ ಎದ್ದು ನಿಂತವನು ಮೊದಲಿನವನೇ? ಅಥವಾ ಮೊದಲಿನವನು ಸತ್ತು, ಅವನ ನೆನಪುಗಳನ್ನೆಲ್ಲ ಹೊತ್ತ ಮತ್ತೊಬ್ಬನು ಹುಟ್ಟಿದನೇ? ಆತ್ಮವೆಂಬದೊಂದು ಇದ್ದರೆ ಅದು ಆ ನಡುವೆ ಎಲ್ಲಿದ್ದಿತು? ತೆರೆಯ ಮೇಲೆ ಕ್ಷಣಕಾಲ ಮಿನುಗಿದ ಬೆಳಕು ಪುಸ್ತಕದಲ್ಲಿ ಹೀಗೆ ಪ್ರಶ್ನೆಯಾಗುವದು. ಅನುಬಂಧ ಕಾದಂಬರಿಗೆ ಸ್ವಂತದ ಬೆಲೆಯೊಂದಿದ್ದರೆ ಅದು ಇಲ್ಲಿಯೇ ಇರುವದು: ಚಿತ್ರವು ತೋರಿಸಿ ಮುಂದೆ ಸಾಗಿದ್ದನ್ನು ಮಾತು ಹಿಡಿದು ನಿಲ್ಲಿಸಿ, ಅದರ ಅರ್ಥವೇನೆಂದು ಕೇಳುವದು.

ಸಂಸ್ಕೃತಶಾಸ್ತ್ರಗಳನ್ನು ಅಷ್ಟಿಷ್ಟು ಓದಿದವರಿಗೂ ಈ ಪ್ರಶ್ನೆಯು ಅಪರಿಚಿತವಲ್ಲ. ಅಂದು ಕಂಡ ಆ ದೇವದತ್ತನೇ ಇಂದು ಕಾಣುವ ಈ ದೇವದತ್ತನು ಎಂಬ ಜ್ಞಾನವು ಹೇಗೆ ಉಂಟಾಗುವದೆಂದು ನಮ್ಮ ದಾರ್ಶನಿಕರು ಬಹುಕಾಲ ವಾದಿಸಿದರು. ಎಲ್ಲವೂ ಕ್ಷಣಕ್ಷಣಕ್ಕೂ ಅಳಿದು ಹುಟ್ಟುವದೆಂದು ಬೌದ್ಧರು. ಗುರುತಿಸುವಿಕೆಯೇ ಸ್ಥಿರವಾದ ಆತ್ಮಕ್ಕೆ ಸಾಧಕವೆಂದು ನೈಯಾಯಿಕರು. ನಮ್ಮೂರ ಬಳಿಯ ರೈಲುಸೇತುವೆಯ ಕೆಳಗೆ ನೋಡಿದರೆ ಪ್ರತಿಯೊಂದು ಮಳೆಗಾಲದಲ್ಲಿಯೂ ಬೇರೆ ನೀರೇ ಹರಿಯುವದು. ಆದರೂ ಅದನ್ನು ಅದೇ ಕೃಷ್ಣೆಯೆಂದು ಕೈಮುಗಿಯುವೆವು. ನದಿಗೆ ಸಲ್ಲುವ ಈ ನ್ಯಾಯವು ಮನುಷ್ಯನಿಗೂ ಸಲ್ಲುವದೇ? ಕಾಲೇಜಿನ ಹುಡುಗನೊಬ್ಬನು ಇಂಥ ಪ್ರಶ್ನೆಯನ್ನು ಹೊತ್ತುಕೊಂಡು ಊಟಕ್ಕೆ ಬಂದು ಕುಳಿತರೆ, ಮನೆಯ ಹಿರಿಯರು ಸಂತೋಷಪಡಬೇಕಲ್ಲದೆ ಸಿಟ್ಟಾಗುವದೇಕೆ?

ಕಥೆಯು ಮುಂದೆ ಹೀಗೆ ಸಾಗುವದು. ದೂರದ ಗ್ರಹವೊಂದರ ಸ್ಥಿತಿಯನ್ನು ಅರಿತುಬರಲು ಸ್ಪಾಕನನ್ನು ನೌಕೆಯಲ್ಲಿಯೇ ಇರಿಸಿಕೊಂಡು ಅವನ ಪ್ರತಿರೂಪವನ್ನು ಮಾತ್ರ ಕಳಿಸುವಂತೆ ಯಂತ್ರವನ್ನು ಮಾರ್ಪಡಿಸುವರು. ಆದರೆ ಕಳಿಸಿದ್ದು ಗುರಿಯನ್ನು ಮುಟ್ಟದೆ, ಕನ್ನಡಿಗೆ ತಾಗಿದ ಕಿರಣದಂತೆ ಹಿಂದಿರುಗುವದು. ನೌಕೆಯಲ್ಲಿ ಇಬ್ಬರು ಸ್ಪಾಕರು ನಿಲ್ಲುವರು. ಇಬ್ಬರಿಗೂ ಒಂದೇ ಮುಖ, ಒಂದೇ ಬುದ್ಧಿ, ಒಂದೇ ನೆನಪು. ನಿಜವಾದವನು ಯಾವನು?

ನಳೋಪಾಖ್ಯಾನವನ್ನೋ, ಕನಕದಾಸರ ನಳಚರಿತ್ರೆಯನ್ನೋ ಬಲ್ಲ ಮನೆಯಲ್ಲಿ ಈ ಸಂದರ್ಭವು ಕೂಡಲೇ ಪರಿಚಿತವೆನಿಸುವದು. ಸ್ವಯಂವರಮಂಟಪದಲ್ಲಿ ದಮಯಂತಿಯ ಎದುರಿಗೆ ಐವರು ನಳರು ಕುಳಿತಿದ್ದರು. ಅವರಲ್ಲಿ ನಾಲ್ವರು ದೇವತೆಗಳು. ದೇವತೆಗಳಿಗೆ ಬೆವರಿಲ್ಲ, ಅವರು ರೆಪ್ಪೆ ಮಿಡುಕುವದಿಲ್ಲ, ಅವರ ಮಾಲೆ ಬಾಡುವದಿಲ್ಲ, ಪಾದವು ನೆಲಕ್ಕೆ ತಾಗುವದಿಲ್ಲ. ಬೆವರಿದವನನ್ನು, ಧೂಳು ಮೆತ್ತಿದವನನ್ನು, ಬಾಡಿದ ಮಾಲೆಯವನನ್ನು ಅವಳು ತನ್ನ ನಳನೆಂದು ವರಿಸಿದಳು. ಬ್ಲಿಷನ ಕಥೆಯಲ್ಲಿ ಗುರುತಿನ ಸುಳಿವು ಬೆವರಲ್ಲ, ಹಸಿವು. ಇಬ್ಬರಲ್ಲೊಬ್ಬನು ಪ್ರಯೋಗಶಾಲೆಯನ್ನು ಹೊಕ್ಕು ಬಾಗಿಲು ಭದ್ರಪಡಿಸಿಕೊಳ್ಳುವನು. ಏಕೆಂದರೆ ಅವನ ಶರೀರವು ಅಣುವಿನವರೆಗೂ ಕನ್ನಡಿಯ ಬಿಂಬದಂತೆ ತಿರುವುಮುರುವಾಗಿರುವದು. ನೌಕೆಯ ಅನ್ನವು ಅವನಿಗೆ ಪುಷ್ಟಿ ಕೊಡಲಾರದು. ತನ್ನ ದೇಹಕ್ಕೆ ಒಗ್ಗುವ ತಿರುವುಮುರುವಾದ ಆಹಾರವನ್ನು ಅವನು ತಾನೇ ತಯಾರಿಸಿಕೊಳ್ಳಬೇಕು.

ಇದು ಬರಿಯ ಕಟ್ಟುಕಥೆಯಲ್ಲ. ಇದರ ಬುಡದಲ್ಲಿ ಗಟ್ಟಿಯಾದ ಶಾಸ್ತ್ರವಿರುವದು. ಎಡಗೈ ಬಲಗೈಗಳನ್ನು ನೋಡಿರಿ: ಬೆರಳುಗಳು ಅಷ್ಟೇ, ಜೋಡಣೆಯೂ ಅದೇ, ಆದರೂ ಬಲಗೈಯ ಚೀಲವು ಎಡಗೈಗೆ ಕೂಡದು. ಕೆಲವು ಅಣುಗಳೂ ಹೀಗೆಯೇ ಎಡ ಬಲಗಳೆಂಬ ಎರಡು ರೂಪಗಳಲ್ಲಿರುವವು. 1848ರಲ್ಲಿ ಫ್ರಾನ್ಸ ದೇಶದ ಲೂಯಿ ಪಾಶ್ಚರನು, ಇನ್ನೂ ಇಪ್ಪತ್ತೈದರ ತರುಣನಾಗಿರುವಾಗಲೇ, ಟಾರ್ಟರಿಕ್ ಆಮ್ಲದ ಲವಣವೊಂದರ ಹರಳುಗಳಲ್ಲಿ ಪರಸ್ಪರ ಪ್ರತಿಬಿಂಬಗಳಂತಿರುವ ಎರಡು ಬಗೆಗಳನ್ನು ಕಂಡು, ಅವುಗಳನ್ನು ಕೈಯಿಂದಲೇ ಆರಿಸಿ ಬೇರೆಮಾಡಿದನು. ಒಂದು ಗುಂಪಿನ ದ್ರಾವಣವು ಧ್ರುವೀಕೃತವಾದ ಬೆಳಕನ್ನು ಬಲಕ್ಕೆ ತಿರುಗಿಸಿದರೆ, ಇನ್ನೊಂದು ಗುಂಪಿನದು ಎಡಕ್ಕೆ ತಿರುಗಿಸಿತು. ಮುಂದೆ ತಿಳಿದುಬಂದದ್ದೇನೆಂದರೆ, ಭೂಮಿಯ ಮೇಲಿನ ಜೀವಿಗಳು ತಮ್ಮ ಸಸಾರಜನಕಗಳನ್ನು, ಅಂದರೆ ಪ್ರೋಟೀನುಗಳನ್ನು, ಎಡರೂಪದ ಅಮೈನೋ ಆಮ್ಲಗಳಿಂದಲೇ ಕಟ್ಟಿಕೊಳ್ಳುವವು. ಆಹಾರವನ್ನು ಅರಗಿಸುವ ನಮ್ಮ ದೇಹದ ಕಿಣ್ವಗಳು ಆ ರೂಪಕ್ಕೆ ಹೊಂದುವ ಅಚ್ಚಿನವು. ಹೀಗಿರುವಾಗ ಕನ್ನಡಿಯೊಳಗಿನ ಮನುಷ್ಯನು ಹೊರಬಂದು ನಮ್ಮ ಪಂಕ್ತಿಯಲ್ಲಿ ಕುಳಿತು ಬೇಳೆಯ ಸಾರನ್ನು ಉಂಡರೂ, ಆ ಬೇಳೆಯ ಸತ್ತ್ವವು ಅವನ ಮೈಗೆ ಹತ್ತಲಾರದು. ಶಾಲೆಯಲ್ಲಿ ರಸಾಯನಶಾಸ್ತ್ರದ ಈ ಭಾಗವನ್ನು ಬಾಯಿಪಾಠ ಮಾಡಿ ಮರುವರ್ಷ ಮರೆಯುವ ಹುಡುಗರು ಬಹಳ ಮಂದಿ. ಹಸಿದ ಪ್ರತಿಬಿಂಬದ ಕಥೆಯನ್ನು ಓದಿದವನು ಮರೆಯುವದು ಕಷ್ಟ.

ಅನುಬಂಧ ಕಾದಂಬರಿಯು ಮೂಲದಿಂದ ತೆಗೆದುಕೊಳ್ಳುವದಷ್ಟೇ ಅಲ್ಲ, ಮೂಲಕ್ಕೆ ಕೊಡುವದೂ ಉಂಟು. ಸ್ಟಾರ್ ಟ್ರೆಕ್ ಮಾಲಿಕೆಯಲ್ಲಿ ನೌಕೆಯನ್ನು ನಡೆಸುವ ಸುಲು ಎಂಬವನಿಗೆ ತೆರೆಯ ಮೇಲೆ ಮನೆತನದ ಹೆಸರು ಮಾತ್ರವಿದ್ದಿತು. ವೊಂಡಾ ಮ್ಯಾಕಿಂಟೈರ್ ಎಂಬ ಲೇಖಿಕೆಯು 1981ರ 'ದಿ ಎಂಟ್ರೊಪಿ ಇಫೆಕ್ಟ್' ಎಂಬ ಕಾದಂಬರಿಯಲ್ಲಿ ಅವನಿಗೆ ಹಿಕಾರು ಎಂಬ ಹೆಸರನ್ನು ಇಟ್ಟಳು. 1991ರ ಚಲಚ್ಚಿತ್ರದಲ್ಲಿ ಅದೇ ಹೆಸರು ತೆರೆಯ ಮೇಲೆ ಕೇಳಿಬಂದಿತು. ಊಹುರಾ ಎಂಬ ಅಧಿಕಾರಿಣಿಗೆ 1982ರ ಪುಸ್ತಕವೊಂದರಲ್ಲಿ ಕೊಟ್ಟ ನಿಯೋಟಾ ಎಂಬ ಹೆಸರು 2009ರ ಚಿತ್ರದಲ್ಲಿ ಸೇರಿತು. ಇದು ನಮಗೆ ಹೊಸತೇ? ವಾಲ್ಮೀಕಿಯ ಕಥೆಯಲ್ಲಿ ಲಕ್ಷ್ಮಣನು ಪರ್ಣಶಾಲೆಯ ಸುತ್ತಲೂ ಗೆರೆಯನ್ನು ಕೊರೆಯುವದಿಲ್ಲ. ಆ ರೇಖೆಯು ಮುಂದಿನ ಕಥಕರ ಕೊಡುಗೆ. ಆದರೆ 1987ರಲ್ಲಿ ದೂರದರ್ಶನದಲ್ಲಿ ಆರಂಭವಾದ ರಾಮಾಯಣವನ್ನು ನೋಡಿದವರಾಗಲಿ, ಅಜ್ಜಿಯ ಬಾಯಲ್ಲಿ ಕಥೆ ಕೇಳಿದವರಾಗಲಿ ಲಕ್ಷ್ಮಣರೇಖೆಯಿಲ್ಲದ ರಾಮಾಯಣವನ್ನು ಒಪ್ಪಲಾರರು. ಕೂಡಿಸಿದ್ದು ಯೋಗ್ಯವಾಗಿದ್ದರೆ ಮೂಲವೇ ಅದನ್ನು ತನ್ನದೆಂದು ಅಂಗೀಕರಿಸುವದು.

ಇಷ್ಟು ಹೇಳಿದ ಮಾತ್ರಕ್ಕೆ ಈ ಜಾತಿಯ ಪುಸ್ತಕಗಳೆಲ್ಲ ಉತ್ತಮವೆಂದು ಯಾರೂ ಭಾವಿಸಬಾರದು. ಇವು ವ್ಯಾಪಾರಕ್ಕಾಗಿ ಬರೆಸಿದ ಪುಸ್ತಕಗಳು. ಮಾಲಿಕೆಯ ಹಕ್ಕುದಾರರ ಒಪ್ಪಿಗೆಗೆ ಕಟ್ಟುಬಿದ್ದವು. ಕೊನೆಯ ಪುಟದಲ್ಲಿ ಎಲ್ಲವೂ ಮೊದಲಿದ್ದಂತೆ ಆಗಬೇಕೆಂಬ ನಿಯಮದಿಂದ ಹಲವು ಕಥೆಗಳು ನಿಸ್ಸತ್ತ್ವವಾಗುವವು. ಪಾತ್ರದ ಹೆಸರನ್ನು ಹೇಳಿದೊಡನೆ ಓದುವವನು ತೆರೆಯ ಮೇಲಿನ ಮುಖವನ್ನು ನೆನೆಯುವನೆಂಬ ಧೈರ್ಯದಿಂದ ಲೇಖಕನು ಪಾತ್ರರಚನೆಯ ಶ್ರಮವನ್ನೇ ಬಿಡುವದೂ ಉಂಟು. ಆದುದರಿಂದ ಹಿರಿಯರು ಪರೀಕ್ಷಿಸಬೇಕೆಂದರೆ ಹೀಗೆ ಪರೀಕ್ಷಿಸಲಿ: ಮಾಲಿಕೆಯನ್ನು ಕಾಣದವನಿಗೂ ಕಥೆಯು ತಿಳಿಯುವದೇ? ಓದಿ ಮುಚ್ಚಿದ ಮೇಲೆ ಮನಸ್ಸಿನಲ್ಲಿ ಒಂದು ಪ್ರಶ್ನೆಯಾದರೂ ಉಳಿಯುವದೇ? ಎರಡಕ್ಕೂ ಹೌದೆಂಬ ಉತ್ತರ ಬಂದರೆ ಆ ಪುಸ್ತಕವು ಮನೆಯಲ್ಲಿರಲು ಯೋಗ್ಯವಾದದ್ದು, ಅದರ ಹುಟ್ಟು ಎಲ್ಲಿಯೇ ಆಗಿರಲಿ.

ನಮ್ಮ ಗಡಿನಾಡಿನವರಿಗೆ ಇನ್ನೊಂದು ವಿಚಾರವೂ ಇರುವದು. ಕುಡಚಿಯ ಪೇಟೆಯಲ್ಲಿ ಕನ್ನಡ, ಮರಾಠಿ, ಉರ್ದು ಮೂರೂ ಕೇಳುವವು. ನೌಕೆ ನಕ್ಷತ್ರಗಳ ಮಾತು ಬಂದಾಗ ಮಾತ್ರ ಹುಡುಗರು ಇಂಗ್ಲಿಷಿಗೆ ಹಾರುವರು, ಆ ವಿಷಯಕ್ಕೆ ನಮ್ಮ ಮಾತುಗಳು ಸಾಲವೆಂಬಂತೆ. ಇದು ನಿಜವಲ್ಲ. 1938ರಲ್ಲಿ ನಮ್ಮ ನೆರೆಯ ಕೊಲ್ಲಾಪುರದಲ್ಲಿ ಜನಿಸಿ 2025ರಲ್ಲಿ ನಿಧನರಾದ ಖಗೋಲಶಾಸ್ತ್ರಜ್ಞ ಜಯಂತ ನಾರಳೀಕರರು ತಮ್ಮ ವಿಜ್ಞಾನಕಥೆಗಳನ್ನು ಮರಾಠಿಯಲ್ಲಿ ಬರೆದರು. 1974ರಲ್ಲಿ ಮರಾಠಿ ವಿಜ್ಞಾನ ಪರಿಷತ್ತಿನ ಸ್ಪರ್ಧೆಗೆ ಬೇರೆ ಹೆಸರಿನಿಂದ ಕಥೆ ಕಳಿಸಿ ಬಹುಮಾನವನ್ನೂ ಪಡೆದರು. ಕನ್ನಡದಲ್ಲಿ ರಾಜಶೇಖರ ಭೂಸನೂರಮಠರು ವಿಜ್ಞಾನದ ಕಥೆ ಕಾದಂಬರಿಗಳನ್ನು ರಚಿಸಿದರು. 1993ರಲ್ಲಿ ನ್ಯಾಶನಲ್ ಬುಕ್ ಟ್ರಸ್ಟ್ ಸಂಸ್ಥೆಯು ಭಾರತೀಯ ಭಾಷೆಗಳ ವಿಜ್ಞಾನಕಥೆಗಳನ್ನು ಇಂಗ್ಲಿಷಿಗೆ ತಂದಾಗ ಅವರ ಕಥೆಯೂ ಆ ಸಂಕಲನದಲ್ಲಿ ಸೇರಿತು. ದಾರಿಯು ಸಿದ್ಧವಾಗಿರುವದು, ನಡೆಯುವವರು ಬೇಕು. ತೆರೆಯ ಕಥೆಯಿಂದ ಇಂಗ್ಲಿಷ್ ಪುಸ್ತಕಕ್ಕೆ ಬಂದ ಹುಡುಗನು ಅಲ್ಲಿಂದ ಭೂಸನೂರಮಠರಿಗೂ ನಾರಳೀಕರರಿಗೂ ಬರಬಲ್ಲನು. ಮೊದಲ ಮೆಟ್ಟಿಲಲ್ಲಿಯೇ ಅವನ ಕೈಯ ಪುಸ್ತಕವನ್ನು ಕಿತ್ತುಕೊಂಡರೆ ಮೇಲಿನ ಮೆಟ್ಟಿಲು ಅವನಿಗೆ ಕಾಣುವದೇ ಇಲ್ಲ.

ಆದುದರಿಂದ ಗೃಹಸ್ಥರಲ್ಲಿ ನನ್ನ ಸೂಚನೆಯಿಷ್ಟು. ಹಲಗೆಯ ಮೇಲೆ ಎಸೆದ ಪುಸ್ತಕವನ್ನು ಇಳಿಸಿ, ಧೂಳು ಒರಸಿ, ಮಗನ ಕೈಗೆ ಕೊಡಿರಿ. ಓದಿ ಮುಗಿಸಿದ ಮೇಲೆ ರಾತ್ರಿಯ ಊಟವಾಗಿ ಎಲ್ಲರೂ ಕುಳಿತಾಗ, ಆ ಕಥೆಯನ್ನು ಕನ್ನಡದಲ್ಲಿ ಹೇಳೆಂದು ಅವನನ್ನು ಕೇಳಿರಿ; ಮನೆಮಾತು ಮರಾಠಿಯೋ ಉರ್ದುವೋ ಆಗಿದ್ದರೆ ಅದರಲ್ಲಿ ಹೇಳಲಿ. ಅವನು ಹೇಳುತ್ತ ಹೇಳುತ್ತ ಒಂದೆರಡು ಕಡೆಗೆ ತಡವರಿಸುವನು. ಪ್ರತಿಬಿಂಬವೆನ್ನಬೇಕೋ ಪ್ರತಿರೂಪವೆನ್ನಬೇಕೋ, ಯಂತ್ರದಲ್ಲಿ ಕರಗಿದವನು ಸತ್ತನೆನ್ನಬೇಕೋ ಹೋದನೆನ್ನಬೇಕೋ ಎಂದು ಅವನಿಗೆ ತಿಳಿಯದು. ಆಗ ಅಜ್ಜನು ಒಂದು ಮಾತು ಸೂಚಿಸುವನು. ತಾಯಿಯು ಇನ್ನೊಂದನ್ನು ಹೇಳುವಳು. ತಂಗಿಯು ಎರಡನ್ನೂ ಒಪ್ಪದೆ ತಕರಾರು ತೆಗೆಯುವಳು. ಇಬ್ಬರು ಸ್ಪಾಕರಲ್ಲಿ ನಿಜವಾದವನು ಯಾರೆಂಬದು ತಿಳಿಯುವವರೆಗೆ ಆ ರಾತ್ರಿ ಯಾರೂ ಮಲಗಲು ಏಳಲಾರರು.